ಓಲೆ ಹೊತ್ತವರ ಲಗ್ನಪತ್ರಿಕೆ

ಚರಿತ್ರೆ ಬರೆಯುವವರು ಶಾಸನ ಓದುತ್ತಾರೆ, ತಾಮ್ರಪಟ ಓದುತ್ತಾರೆ, ಕಚೇರಿಯ ದಫ್ತರಗಳ ಧೂಳು ಝಾಡಿಸುತ್ತಾರೆ. ಲಗ್ನಪತ್ರಿಕೆ ಓದಿದವರು ಕಡಿಮೆ. ಮದುವೆ ಮುಗಿದ ಮೇಲೆ ಅದು ಒಲೆಗೆ ಹೋಗುತ್ತದೆ, ಇಲ್ಲಾ ಭಜಿ ಕಟ್ಟೋಕೆ ಹೋಗುತ್ತದೆ. ಆದರೆ ಯಾರು ಯಾರನ್ನು ಕರೆಯಬಹುದು, ಯಾರ ಹೆಸರಿಗೆ 'ಶ್ರೀ' ಹಚ್ಚಬಹುದು, ಯಾವ ಅವ್ವನ ಹೆಸರು ಅಚ್ಚಾಗಬಹುದು, ಯಾವ ಅವ್ವನದು ಆಗಬಾರದು, ಇಷ್ಟೂ ಆ ಕಾಗದದಲ್ಲಿ ಅದಾವೆ. ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯ ಕೇರಿಗಳಲ್ಲಿ ನಿಂತು ನಾವು ಈ ಕಾಗದದ ಚರಿತ್ರೆ ಹೇಳಬೇಕೆಂದಿದ್ದೇವೆ. ಯಾಕಂದ್ರೆ ಈಗ ನಮ್ಮ ಹುಡುಗ ಹುಡುಗಿಯರು ತಮ್ಮ ಪತ್ರಿಕೆ ತಾವೇ ಬರೆದುಕೊಳ್ಳೋಕೆ ಹೊರಟಿದ್ದಾರೆ. ಏನು ಬರೆಯಬೇಕು ಅನ್ನೋದು ತಿಳಿಯಬೇಕಾದರೆ, ಇಷ್ಟು ದಿನ ಅದರಲ್ಲಿ ಏನಿತ್ತು, ಯಾರು ಬರೆದಿಟ್ಟಿದ್ದರು ಅನ್ನೋದು ತಿಳಿದಿರಬೇಕು.

ಮಸ್ಕಿಯಿಂದಲೇ ಶುರು ಮಾಡೋಣ. 1915ರಲ್ಲಿ ಬಂಗಾರದ ಅದಿರು ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರನ ಕಣ್ಣಿಗೆ ಇಲ್ಲಿನ ಗುಡ್ಡದಲ್ಲಿ ಅಕ್ಷರ ಕೊರೆದ ಬಂಡೆ ಬಿತ್ತು. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. 'ದೇವಾನಾಂಪ್ರಿಯ' ಅಂದ್ರೆ ಅಶೋಕನೇ ಅನ್ನೋದು ಗಟ್ಟಿಯಾದದ್ದು ಈ ಬಂಡೆಯಿಂದ, ಯಾಕಂದ್ರೆ ಇಲ್ಲಿ ಅಶೋಕ ಅನ್ನುವ ಹೆಸರೇ ಇದೆ. ಪಾಠ ಪುಸ್ತಕದಲ್ಲಿ ಇಷ್ಟು ಹೇಳಿ ಬಿಡುತ್ತಾರೆ. ಬಂಡೆ ಏನು ಹೇಳುತ್ತದೆ ಅನ್ನೋದನ್ನು ಹೇಳೋದಿಲ್ಲ. ಅದರ ತಾತ್ಪರ್ಯ ಇದು: ಧರ್ಮದ ಹಾದಿಯಲ್ಲಿ ನಡೆದರೆ ಸಣ್ಣವನೂ ಆ ಎತ್ತರ ಮುಟ್ಟಬಹುದು, ಅದು ದೊಡ್ಡವರಿಗಷ್ಟೇ ಸಿಗುವಂಥದು ಅಂತ ತಿಳಿಯಬಾರದು, ಸಣ್ಣವರಿಗೂ ದೊಡ್ಡವರಿಗೂ ಈ ಮಾತು ಹೇಳಬೇಕು. ಎಲ್ಲರನ್ನೂ ಕೂಡಿಸಿ ಕರೆದ ಇಂಥ ಹಳೇ ಬರಹ ನಮ್ಮ ಊರ ಮಗ್ಗುಲಿಗೇ ಇದೆ. ಆದರೆ ಅದೇ ಸೀಮೆಯಲ್ಲಿ ಅಕ್ಷರ ಗುಡ್ಡದಿಂದ ಇಳಿದು ಕೇರಿಗೆ ಬರೋಕೆ ಎರಡು ಸಾವಿರ ವರ್ಷಕ್ಕೂ ಹೆಚ್ಚು ಹಿಡಿಯಿತು.

ಹಾಗಂತ ನಮ್ಮಲ್ಲಿ ಕರೆಯೋ ಪದ್ಧತಿಯೇ ಇರಲಿಲ್ಲ ಅಂತಲ್ಲ. ಕಾಗದ ಬರುವ ಮುಂಚೆ ಹೇಳಿಕೆ ಇತ್ತು. ಮದುವೆ ಮನೆಯ ಹಿರಿಯರು ಮನೆ ಮನೆಗೆ ಹೋಗಿ "ನಾಡದು ನಮ್ಮನ್ಯಾಗ ಮದಿವಿ ಐತಿ, ಎಲ್ಲಾರೂ ಬರ್ಬೇಕ್ರೆಪಾ" ಅಂತ ಹೇಳಿ ಎಲೆ ಅಡಿಕೆ ಕೊಟ್ಟು ಬರೋರು. ಬೇರೆ ಊರ ಬೀಗರಿಗೆ ಒಬ್ಬರು ನಡಕೊಂಡು ಹೋಗಿ ಮುಟ್ಟಿಸೋರು. ಆ ಹೇಳಿಕೆಯಲ್ಲಿ ತಿಥಿ ಇಲ್ಲ, ನಕ್ಷತ್ರ ಇಲ್ಲ. ಜಾತ್ರೆ ಮುಗಿದ ಮೂರನೇ ದಿನ, ಹುಣ್ಣಿಮೆಯ ಮರುದಿನ, ಇಷ್ಟೇ ಲೆಕ್ಕ. ಕರೆದವರ ಬಾಯಿ, ಕರೆಸಿಕೊಂಡವರ ಕಿವಿ, ನಡುವೆ ಎಲೆ ಅಡಿಕೆ. ಸುಳ್ಳು ಹೇಳೋಕೆ ಜಾಗ ಇರಲಿಲ್ಲ.

ದೊಡ್ಡವರ ಮನೆಯ ಕಾಗದ ಹೊತ್ತವರು ಮಾತ್ರ ನಾವೇ. ಗೌಡರ ಮನೆಯ ಮದುವೆ ಇರಲಿ, ಕುಲಕರ್ಣಿಯವರ ಮನೆಯ ಮುಂಜಿವೆ ಇರಲಿ, ಊರೂರು ತಿರುಗಿ ಓಲೆ ಮುಟ್ಟಿಸೋದು ಊರ ಚಾಕರಿ ಮಾಡುವವನ ಪಾಲಿಗೆ ಬಂದ ಬಿಟ್ಟಿ ಕೆಲಸ. ಸಾವಿನ ಸುದ್ದಿಯೂ ಅವನೇ, ಲಗ್ನದ ಸುದ್ದಿಯೂ ಅವನೇ. ಓಲೆ ಒಯ್ಯುವವನು ಓಲೆಕಾರ. ಅದೇ ನಮ್ಮ ಬಾಯಲ್ಲಿ ವಾಲೀಕಾರ ಆಯಿತು. ನಮ್ಮ ಕಡೆಯ ಬಂಡಾಯದ ಕವಿ ಚೆನ್ನಣ್ಣ ವಾಲೀಕಾರರ ಹೆಸರಿನಲ್ಲೇ ಆ ಚಾಕರಿಯ ಚರಿತ್ರೆ ಕುಂತಿದೆ. ಓಲೆ ಒಯ್ದವನು ಬಾಗಿಲ ಹೊರಗೆ ನಿಂತು ಕೂಗಬೇಕು, ಕಾಗದವನ್ನು ನೆಲಕ್ಕೆ ಇಡಬೇಕು, ಒಳಗಿನವರು ಬಂದು ಎತ್ತಿಕೊಳ್ಳಬೇಕು. ಕಾಗದ ಮೈಲಿಗೆ ಆಗೋದಿಲ್ಲ, ಕಾಗದ ಹೊತ್ತ ಕೈ ಮೈಲಿಗೆ. ಮದುವೆ ದಿನ ಹಲಗೆ ಬಡಿಯೋರು ನಾವು, ಸೌದೆ ಒಡೆಯೋರು ನಾವು, ಎಲ್ಲರ ಊಟ ಆದ ಮೇಲೆ ನಮ್ಮ ಗಂಗಾಳ ನಾವೇ ತಂದು ದೂರ ಕೂತು ಉಣ್ಣೋರೂ ನಾವೇ. ಊರಿಗೆಲ್ಲ ಕರೆ ಮುಟ್ಟಿಸಿದವನಿಗೆ ಮಾತ್ರ ಯಾರೂ ಕರೆ ಕೊಟ್ಟಿಲ್ಲ.

ಜಾತಿ ಮೀರಿದ ಮದುವೆಗೆ ಕರೆ ಕೊಟ್ಟರೆ ಏನಾಗುತ್ತದೆ ಅನ್ನೋದಕ್ಕೂ ನಮ್ಮ ಸೀಮೆಯೇ ಸಾಕ್ಷಿ. 12ನೇ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯನ ಮಗ, ಬ್ರಾಹ್ಮಣ ಮಧುವರಸನ ಮಗಳು ಮದುವೆಯಾದರು ಅಂತ ಶರಣರ ಕಥೆಗಳು ಹೇಳುತ್ತವೆ. ಆ ಮದುವೆಗೆ ಬಿಜ್ಜಳನ ಅರಸೊತ್ತಿಗೆ ಕೊಟ್ಟ ಉಡುಗೊರೆ ಹರಳಯ್ಯ ಮಧುವರಸರಿಗೆ ಎಳೆಹೂಟೆ ಶಿಕ್ಷೆ. 2019ರಲ್ಲಿ ನಮ್ಮ ಹೈದರಾಬಾದ್ ಕರ್ನಾಟಕಕ್ಕೆ ಕಲ್ಯಾಣ ಕರ್ನಾಟಕ ಅಂತ ಹೆಸರಿಟ್ಟರು. ಹೆಸರು ಬಂತು. ಹರಳಯ್ಯನ ಬೀಗತನ ಇನ್ನೂ ಎಷ್ಟು ಊರಿಗೆ ಬಂದಿದೆ ಅನ್ನೋದನ್ನು ಊರೂರಿನ ಲಗ್ನಪತ್ರಿಕೆ ತೆಗೆದು ನೋಡಿದರೆ ಗೊತ್ತಾಗುತ್ತದೆ.

ಇನ್ನು ಅಚ್ಚಿನ ವಿಚಾರ. ಮಂಗಳೂರಿನಲ್ಲಿ ಬಾಸೆಲ್ ಮಿಶನ್ ಪ್ರೆಸ್ಸು ಶುರುವಾದದ್ದು 1841ರಲ್ಲಿ. 1843ರಲ್ಲಿ ಅಲ್ಲಿ ಕಲ್ಲಚ್ಚಿನಲ್ಲಿ ಹೊರಟ 'ಮಂಗಳೂರ ಸಮಾಚಾರ' ಮರುವರ್ಷ 'ಕನ್ನಡ ಸಮಾಚಾರ' ಆಗಿ ಬಳ್ಳಾರಿಯಲ್ಲಿ ಮೊಳೆ ಅಚ್ಚಿನಲ್ಲಿ ಬಂತು. ಬಳ್ಳಾರಿ ಅಂದ್ರೆ ನಮಗೆ ಹೊಳೆಯ ಆಚೆ ದಂಡೆ. ಆದರೆ ತುಂಗಭದ್ರೆಯ ಆಚೆ ಇಂಗ್ಲಿಷರ ರಾಜ್ಯ, ಈಚೆ ನಿಜಾಮರ ರಾಜ್ಯ. 1905ರ ತನಕ ಲಿಂಗಸುಗೂರು ಜಿಲ್ಲೆಯ ಠಾಣ್ಯವೇ ಆಗಿತ್ತು. ಕಚೇರಿ ಇತ್ತು, ದಂಡು ಇತ್ತು, ಕಚೇರಿಯ ಭಾಷೆ ಮಾತ್ರ ನಮ್ಮದಲ್ಲ. ಮೊದಲು ಫಾರಸಿ, ಆಮೇಲೆ ಉರ್ದು. ಉಳ್ಳವರ ಮನೆಯ ಶಾದಿಗೆ ರುಖಾ ಹೋಗುತ್ತಿತ್ತು. ನಮ್ಮವರಿಗೆ ಉರ್ದುವೂ ಬರುತ್ತಿರಲಿಲ್ಲ, ಕನ್ನಡ ಓದೋಕೂ ಬರುತ್ತಿರಲಿಲ್ಲ. 1948ರ ಸೆಪ್ಟೆಂಬರಿನಲ್ಲಿ ನಿಜಾಮಶಾಹಿ ಮುಗಿಯಿತು. 1956ರ ನವೆಂಬರ್ 1ಕ್ಕೆ ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಅಷ್ಟರಲ್ಲಿ ತುಂಗಭದ್ರಾ ಅಣೆಕಟ್ಟು ಆಗಿತ್ತು. ಎಡದಂಡೆ ಕಾಲುವೆಗೆ ನೀರು ಬಂತು, ಸಿಂಧನೂರು ಸೀಮೆಯ ಜೋಳದ ಹೊಲ ಭತ್ತದ ಗದ್ದೆಯಾಯಿತು, ಅಕ್ಕಿ ಗಿರಣಿಗಳು ಎದ್ದವು, ಪೇಟೆ ಬೆಳೆಯಿತು. ಪೇಟೆಯ ಜೊತೆ ಪ್ರೆಸ್ಸು ಬಂದವು.

ಪ್ರೆಸ್ಸಿನ ಒಳಗೆ ಕೆಲಸ ಹೇಗೆ ನಡೆಯುತ್ತಿತ್ತು ಅನ್ನೋದು ಈ ಕಥೆಗೆ ಮುಖ್ಯ. ಅಚ್ಚುಮೊಳೆಗಳನ್ನು ಒಂದೊಂದಾಗಿ ಹೆಕ್ಕಿ ಸಾಲು ಮಾಡಬೇಕು. ಲಗ್ನಸರಾಯಿ ಬಂತಂದ್ರೆ ಕಂಪೋಜಿಟರಿಗೆ ಪುರುಸೊತ್ತು ಇಲ್ಲ. ಅದಕ್ಕೆ ಅವರು ಒಂದು ಮಾದರಿಯನ್ನು ಜೋಡಿಸಿ ಹಾಗೇ ಕಟ್ಟಿ ಇಟ್ಟಿರುತ್ತಾರೆ. ತಲೆಯ ಮೇಲೆ ಗಣಪತಿಯ ಬ್ಲಾಕು, ಕೆಳಗೆ 'ಶ್ರೀ ಗಣೇಶಾಯ ನಮಃ', 'ಶ್ರೀ ಕುಲದೇವತಾ ಪ್ರಸನ್ನ', ಆಮೇಲೆ ಶಾಲಿವಾಹನ ಶಕೆ, ಸಂವತ್ಸರ, ಮಾಸ, ಪಕ್ಷ, ತಿಥಿ, 'ಶುಭ ಮುಹೂರ್ತದಲ್ಲಿ ಗುರುಹಿರಿಯರು ನಿಶ್ಚಯಿಸಿರುವುದರಿಂದ'. ಗಿರಾಕಿ ಬಂದರೆ ಹೆಸರು, ಊರು, ತಾರೀಖಿನ ಮೊಳೆ ಅಷ್ಟೇ ತೆಗೆದು ಹಾಕೋದು. ಕಾಲು ತುಳಿದು ಓಡಿಸುವ ಟ್ರೆಡಲ್ ಮಶೀನಿನ ಮೇಲೆ ಮಧ್ಯಾಹ್ನದೊಳಗೆ ಇನ್ನೂರು ಕಾರ್ಡು ತಯಾರು. ಬಣ್ಣದ ರೆಡಿಮೇಡ್ ಕಾರ್ಡು ಶಿವಕಾಶಿಯಿಂದ ಬರೋಕೆ ಹತ್ತಿದ ಮೇಲೆ ಗಣಪತಿ ಮೊದಲೇ ಅಚ್ಚಾಗಿ ಬಂದ. ಹೀಗೆ ಪುರೋಹಿತನ ಮಾತು ಸೀಸದ ಮೊಳೆಯಾಗಿ ಪ್ರೆಸ್ಸಿನಲ್ಲಿ ಕಟ್ಟಿ ಕುಂತಿತ್ತು. ಕೇರಿಗೆ ಕಾಲಿಡದ ಪುರೋಹಿತ ಕೇರಿಯ ಲಗ್ನಪತ್ರಿಕೆಯಲ್ಲಿ ಮೊದಲ ಸಾಲಿಗೇ ಬಂದು ನಿಂತ. ದೂರದಿಂದ ಪಂಚಾಂಗ ನೋಡಿ ಮುಹೂರ್ತ ಹೇಳಿದ, ದಕ್ಷಿಣೆಯನ್ನು ನೀರು ಚಿಮುಕಿಸಿ ತಗೊಂಡ.

ಇಲ್ಲಿ ನಮ್ಮ ಗೆಳೆಯರಿಗೆ ಒಂದು ಮಾತು ಹೇಳಬೇಕು. ಕಾಲೇಜು ಮೆಟ್ಟಿಲು ಹತ್ತಿದ ನಾವು ಇಂಥ ಕಾರ್ಡು ಕಂಡರೆ ನಗುತ್ತೇವೆ, ನಮ್ಮಪ್ಪಂದಿರು ಬ್ರಾಹ್ಮಣ್ಯಕ್ಕೆ ಬಲಿಬಿದ್ದರು ಅನ್ನುತ್ತೇವೆ. ಅಷ್ಟು ಸಸಾರ ಅಲ್ಲ ಅದು. ಅದಕ್ಕೂ ಮುಂಚೆ ನಮ್ಮವರ ಹೆಸರು ಎಲ್ಲಿ ಬರೆದಿತ್ತು? ಸಾಹುಕಾರನ ಸಾಲದ ಕಾಗದದಲ್ಲಿ ಹೆಬ್ಬೆಟ್ಟಿನ ಪಕ್ಕ. ಪೊಲೀಸ್ ಠಾಣೆಯ ಪುಸ್ತಕದಲ್ಲಿ. ಜೀತದ ಲೆಕ್ಕದಲ್ಲಿ. ಅಲ್ಲೆಲ್ಲ ಅವರು ದುರುಗ್ಯಾ, ಹನುಮ್ಯಾ, ಯಲ್ಲಿ. ಲಗ್ನಪತ್ರಿಕೆಯಲ್ಲಿ ಮೊದಲ ಸಲ 'ಶ್ರೀ ದುರುಗಪ್ಪ', 'ಶ್ರೀಮತಿ ಯಲ್ಲಮ್ಮ' ಅಂತ ಅಚ್ಚಾಯಿತು. 'ಅಪ್ಪ'ನೂ 'ಅಮ್ಮ'ನೂ ಹೆಸರಿನ ಬಾಲಕ್ಕೆ ವಾಪಸು ಬಂದರು. ಓದೋಕೆ ಬಾರದವರು ಆ ಕಾರ್ಡನ್ನು ಜಂತಿಗೆ ಸಿಗಿಸಿ ವರ್ಷಗಟ್ಟಲೆ ಇಟ್ಟುಕೊಂಡರು. ಬಂದ ಶಾಲೆ ಹುಡುಗನ ಕೈಗೆ ಕೊಟ್ಟು "ಇದರಾಗ ನನ್ನ ಹೆಸರು ಎಲ್ಲೈತಿ ತೋರ್ಸು" ಅಂದರು. ನಾಲ್ಕು ಮೂಲೆಗೆ ಅರಿಶಿನ ಹಚ್ಚಿ, ಬುಕ್ ಪೋಸ್ಟ್ ಅಂತ ಬರೆದು, ಕಡಿಮೆ ಚೀಟಿ ಹಚ್ಚಿ ಅಂಚೆ ಡಬ್ಬಿಗೆ ಹಾಕಿದರು. ಓಲೆ ಹೊತ್ತವರ ಮಕ್ಕಳ ಓಲೆಯನ್ನು ಸರ್ಕಾರದ ಅಂಚೆಯವನು ಹೊತ್ತು ತಂದ. ಆ ಸಂತೋಷ ಸಣ್ಣದಲ್ಲ. ಗಣಪತಿ ಅವರಿಗೆ ಅಷ್ಟು ಮುಖ್ಯ ಇರಲಿಲ್ಲ, 'ಶ್ರೀ' ಮುಖ್ಯ ಇತ್ತು.

ಆದರೂ ಆ ಮಾದರಿಯೊಳಗೆ ಹಿಡಿಸದವರು ಇದ್ದರು. 'ಇಂಥವರ ಸುಪುತ್ರಿ' ಅಂತ ಬರೆಯಬೇಕಾದರೆ ಅಪ್ಪನ ಹೆಸರು ಬೇಕು. ಮುತ್ತು ಕಟ್ಟಿಸಿಕೊಂಡ ಅವ್ವನ ಮಕ್ಕಳು ಏನು ಬರೆಯಬೇಕು? ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯ ನಮ್ಮ ಕೇರಿಗಳಲ್ಲಿ ಈ ಪ್ರಶ್ನೆ ಒಂದು ಮನೆಯದಲ್ಲ. ಆ ಅವ್ವನಿಗೆ ದೇವರ ಹೆಸರಲ್ಲಿ ಲಗ್ನ ಆಯಿತು, ಅದಕ್ಕೆ ಪತ್ರಿಕೆ ಇರಲಿಲ್ಲ. ಮಗಳ ಲಗ್ನಕ್ಕೆ ಪತ್ರಿಕೆ ಬಂತು, ಅದರಲ್ಲಿ ಅವ್ವನಿಗೆ ಜಾಗ ಇರಲಿಲ್ಲ. ಸೋದರಮಾವನ ಹೆಸರೋ ಅಜ್ಜನ ಹೆಸರೋ ಹಾಕಿ ಮುಚ್ಚಿದರು. ಮುಂಬಯಿ ಪ್ರಾಂತದಲ್ಲಿ 1934ರಲ್ಲಿ, ಮದ್ರಾಸಿನಲ್ಲಿ 1947ರಲ್ಲಿ ದೇವದಾಸಿ ಬಿಡುವುದರ ವಿರುದ್ಧ ಕಾನೂನು ಬಂದವು. ನಿಜಾಮರ ಸೀಮೆಯ ನಮಗೆ ಅವು ತಟ್ಟಲಿಲ್ಲ. ಕರ್ನಾಟಕದ ಕಾನೂನು ಬಂದದ್ದು 1982ರಲ್ಲಿ. ದೇವದಾಸಿ ಆಗಿದ್ದಳೆಂಬ ಕಾರಣಕ್ಕೆ ಹೆಣ್ಣಿನ ಮದುವೆ ಅಸಿಂಧು ಆಗುವುದಿಲ್ಲ, ಅವಳ ಮಕ್ಕಳು ಅಕ್ರಮ ಅನ್ನಿಸಿಕೊಳ್ಳುವುದಿಲ್ಲ ಅಂತ ಅದು ಹೇಳಿತು. ಕಾನೂನಿನ ಪುಸ್ತಕದಲ್ಲಿ ಅಚ್ಚಾದ ಆ ಮಾತು ಲಗ್ನಪತ್ರಿಕೆಯಲ್ಲೂ ಅಚ್ಚಾಗಬೇಕಲ್ಲವೆ? ಗಂಡ ಸತ್ತ ಅವ್ವನ ಗತಿಯೂ ಅಷ್ಟೇ. ಸತ್ತ ಅಪ್ಪನ ಹೆಸರು 'ಕೈ.' ಅಂತ ಮೇಲೆ ಬರುತ್ತದೆ. ಕೂಲಿ ಮಾಡಿ ಸಾಕಿದ, ಬದುಕಿರುವ ಅವ್ವನ ಹೆಸರು ಬಿಟ್ಟು ಹೋಗುತ್ತದೆ.

ಕಾರ್ಡಿನಲ್ಲಿ ಅಚ್ಚಾಗದ ಇನ್ನೊಂದು ಸಂಗತಿ ಸಾಲ. ಮಗಳ ಮದುವೆಗೆ ಸಾಲ ಮಾಡಿ, ಆ ಸಾಲಕ್ಕೆ ಮಗನನ್ನು ಗೌಡರ ಮನೆಯಲ್ಲಿ ಜೀತಕ್ಕೆ ಇಟ್ಟ ಅಪ್ಪಂದಿರು ನಮ್ಮ ಊರುಗಳಲ್ಲಿ ಇದ್ದರು. 1976ರಲ್ಲಿ ಜೀತ ಪದ್ಧತಿ ನಿಷೇಧದ ಕಾಯ್ದೆ ಬಂತು. ಹಳೇ ಜೀತ ಹೋಗಿ ಈಗ ಫೈನಾನ್ಸಿನ ವಾರದ ಕಂತು ಬಂದಿದೆ. ಕಾರ್ಡಿನ ಕಾಗದ ದಪ್ಪ ಆದಷ್ಟೂ, ಬಂಗಾರ ಬಣ್ಣದ ಅಕ್ಷರ ಮಿಂಚಿದಷ್ಟೂ ಕಂತು ಉದ್ದ ಆಗುತ್ತದೆ. ನಮ್ಮ ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ನೆಲದೊಳಗಿಂದ ಬಂಗಾರ ತೆಗೆಯುವವರು ಕೂಲಿಗಳು. ಅವರ ಮನೆಯ ಮದುವೆಗೆ ಬಂಗಾರ ಕೊಳ್ಳೋಕೆ ಅವರೇ ಸಾಲ ಮಾಡಬೇಕು.

ಈ ಮಾದರಿಯನ್ನು ಮುರಿದವರು ಇದ್ದಾರೆ. ಜೋತಿಬಾ ಫುಲೆ 1873ರ ಸೆಪ್ಟೆಂಬರಿನಲ್ಲಿ ಸತ್ಯಶೋಧಕ ಸಮಾಜ ಕಟ್ಟಿದರು. ಅದೇ ವರ್ಷದ ಡಿಸೆಂಬರ್ 25ಕ್ಕೆ ಪುರೋಹಿತನಿಲ್ಲದ ಮೊದಲ ಮದುವೆ ಆಯಿತು. ಗಂಡು ಹೆಣ್ಣು ತಾವೇ ಮಾತು ಕೊಟ್ಟುಕೊಂಡರು. ತಮಿಳು ನಾಡಿನಲ್ಲಿ ಪೆರಿಯಾರರ ಸ್ವಾಭಿಮಾನ ಮದುವೆಗಳು 1928ರಿಂದ ನಡೆದವು. ಅವರು ಮದುವೆ ಅನ್ನುವುದನ್ನೇ ಬಾಳ ಒಪ್ಪಂದ ಅಂದರು. ಆ ಮದುವೆಗಳಿಗೆ ಅಣ್ಣಾದೊರೈ ಸರ್ಕಾರ 1967ರಲ್ಲಿ ಹಿಂದೂ ವಿವಾಹ ಕಾಯ್ದೆಗೆ 7-ಎ ಕಲಂ ಸೇರಿಸಿ ಕಾನೂನಿನ ಬಲ ಕೊಟ್ಟಿತು. ನಮ್ಮಲ್ಲಿ ಕುವೆಂಪು ಮಂತ್ರ ಮಾಂಗಲ್ಯ ರಚಿಸಿದರು. 1966ರಲ್ಲಿ ಅವರ ಮಗ ತೇಜಸ್ವಿ ಮತ್ತು ರಾಜೇಶ್ವರಿಯವರ ಮದುವೆ ಆ ರೀತಿ ಆಯಿತು. ಜಾತಕ ಇಲ್ಲ, ಮುಹೂರ್ತ ಇಲ್ಲ, ವರದಕ್ಷಿಣೆ ಇಲ್ಲ, ಪುರೋಹಿತ ಇಲ್ಲ. ಕರ್ನಾಟಕಕ್ಕೆ ಮಾತ್ರ 7-ಎ ಅಂಥ ಕಲಂ ಇನ್ನೂ ಬಂದಿಲ್ಲ.

ನಮ್ಮ ಕೇರಿಗಳಿಗೆ ಗಾಳಿ ಬೀಸಿದ್ದು ಬೇರೆ ದಿಕ್ಕಿನಿಂದ. 1956ರ ಅಕ್ಟೋಬರ್ 14ಕ್ಕೆ ನಾಗಪುರದಲ್ಲಿ ಬಾಬಾಸಾಹೇಬರು ಬೌದ್ಧ ದೀಕ್ಷೆ ತಗೊಂಡರು. 1968ರಲ್ಲಿ ಶ್ಯಾಮಸುಂದರರು ಗುಲಬರ್ಗಾದಲ್ಲಿ ಭೀಮಸೇನೆ ಕಟ್ಟಿದರು. 1973ರ ಬೂಸಾ ಗಲಾಟೆಯ ಬೆನ್ನಿಗೆ ದಲಿತ ಸಂಘರ್ಷ ಸಮಿತಿ ಬೆಳೆಯಿತು, ಬಿ. ಕೃಷ್ಣಪ್ಪನವರ ಮಾತು ಹಳ್ಳಿ ಹಳ್ಳಿ ಮುಟ್ಟಿತು. ಹಾಡು ಬಂದವು, ನೀಲಿ ಬಾವುಟ ಬಂತು. ಲಗ್ನಪತ್ರಿಕೆಯ ತಲೆಯ ಮೇಲೆ ಗಣಪತಿ ಇಳಿದು ಬುದ್ಧ, ಬಸವ, ಅಂಬೇಡ್ಕರ್ ಬಂದರು. ಅದು ಬಿಟ್ಟಿ ಬರಲಿಲ್ಲ. ಗಣಪತಿಯ ಬ್ಲಾಕು ಪ್ರೆಸ್ಸಿನಲ್ಲಿ ಯಾವಾಗಲೂ ತಯಾರು. ಬಾಬಾಸಾಹೇಬರದು ಬೇಕಂದ್ರೆ ಬೇರೆ ಬ್ಲಾಕು ಮಾಡಿಸಬೇಕು, ಬೇರೆ ದುಡ್ಡು ಕೊಡಬೇಕು. ಕಂಪ್ಯೂಟರು, ಆಫ್‌ಸೆಟ್ ಬಂದ ಮೇಲೆ ಆ ತೊಂದರೆ ತಪ್ಪಿತು. ಈಗ ಸಂವಿಧಾನದ ಪ್ರಸ್ತಾವನೆಯನ್ನೇ ಅಚ್ಚು ಹಾಕಿಸುವವರಿದ್ದಾರೆ.

ಸಿಂಧನೂರಿನ ಪ್ರೆಸ್ಸುಗಳಿಗೆ ಇನ್ನೊಂದು ಪಾಠ ಗೊತ್ತಿದೆ. ಕಾಲುವೆ ಹಿಂದೆ ಬಂದ ಆಂಧ್ರದ ರೈತರ ಕ್ಯಾಂಪುಗಳಿವೆ, ಅವರದು ತೆಲುಗಿನ ಶುಭಲೇಖ. ಪೂರ್ವ ಪಾಕಿಸ್ತಾನದಿಂದ ನೆಲೆ ತಪ್ಪಿ ಬಂದ ಬಂಗಾಳಿಗಳ ಆರ್.ಎಚ್. ಕ್ಯಾಂಪುಗಳಿವೆ. ಅವರಲ್ಲಿ ಹೆಚ್ಚಿನವರು ನಾಮಶೂದ್ರರು, ನಮ್ಮ ಹಾಗೇ ಊರ ಹೊರಗಿನವರು. ಬಂಗಾಳಿಗಳ ಪತ್ರಿಕೆಯಲ್ಲಿ ಚಿಟ್ಟೆಯ ಚಿತ್ರ ಇರುತ್ತದೆ, ಯಾಕಂದ್ರೆ ಅವರ ಭಾಷೆಯಲ್ಲಿ ಚಿಟ್ಟೆಗೂ ಪ್ರಜಾಪತಿ ಅನ್ನುತ್ತಾರೆ. ಮುಸಲ್ಮಾನರ ಪತ್ರಿಕೆಯ ಮೇಲೆ 786 ಇರುತ್ತದೆ. ಇಷ್ಟೂ ಒಂದೇ ತಾಲ್ಲೂಕಿನಲ್ಲಿ. ಅಂದ ಮೇಲೆ ಲಗ್ನಪತ್ರಿಕೆ ಹಿಂಗೇ ಇರಬೇಕು ಅನ್ನೋ ಕಟ್ಟಳೆ ಎಲ್ಲಿಂದ ಬಂತು? ಪ್ರೆಸ್ಸಿನವರು ಗಿರಾಕಿ ಹೇಳಿದ್ದನ್ನು ಅಚ್ಚು ಹಾಕುತ್ತಾರೆ. ಹೇಳೋರು ನಾವಾಗಬೇಕು.

ಪತ್ರಿಕೆಯಲ್ಲಿ ಬರೆದದ್ದನ್ನು ಊರು ನಡೆಸಗೊಡುವುದೇ ಅನ್ನೋದು ಬೇರೆ ಪ್ರಶ್ನೆ. 'ಮೆರವಣಿಗೆ ಸಂಜೆ ಇಷ್ಟು ಗಂಟೆಗೆ' ಅಂತ ಒಂದು ಸಾಲು ಇರುತ್ತದಲ್ಲ, ಆ ಸಾಲಿಗೆ ಈ ದೇಶದಲ್ಲಿ ರಕ್ತ ಹರಿದಿದೆ. 1980ರ ಮೇ 9ರಂದು ಅಲ್ಮೋಡಾ ಕಡೆಯ ಕಫಲ್ಟಾದಲ್ಲಿ ದಲಿತ ಮದುಮಗ ಗುಡಿಯ ಮುಂದೆ ಪಲ್ಲಕ್ಕಿ ಇಳಿಯಲಿಲ್ಲ ಅನ್ನುವುದಕ್ಕೆ ದಿಬ್ಬಣದ 14 ಜನರನ್ನು ಕೊಂದರು. 1989ರ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಿದ್ದುಪಡಿ ಮಾಡಿದಾಗ, ದಲಿತರ ಮದುವೆ ಮೆರವಣಿಗೆ ತಡೆಯುವುದು, ಕುದುರೆ ಏರದಂತೆ ಮಾಡುವುದು ಅಪರಾಧ ಅಂತ ಹೆಸರು ಹಿಡಿದು ಬರೆಯಬೇಕಾಯಿತು. ಸ್ವಾತಂತ್ರ್ಯ ಬಂದು ಅರವತ್ತೆಂಟು ವರ್ಷಕ್ಕೆ ಹೀಗೆ ಬರೆಯಬೇಕಾಯಿತು ಅಂದ್ರೆ ಊರುಗಳು ಹೇಗಿದ್ದವು ಅಂತ ತಿಳಿದುಕೊಳ್ಳಿರಿ.

ಜಾತಿ ಬಿಟ್ಟು, ಮತ ಬಿಟ್ಟು ಮದುವೆಯಾಗುವವರಿಗೆ ಸರ್ಕಾರವೂ ಒಂದು ಪತ್ರಿಕೆ ಅಂಟಿಸುತ್ತದೆ. 1954ರ ವಿಶೇಷ ವಿವಾಹ ಕಾಯ್ದೆಯ ಪ್ರಕಾರ ನೋಟೀಸು ಕೊಟ್ಟು 30 ದಿನ ಕಾಯಬೇಕು. ಆ ನೋಟೀಸನ್ನು ಕಚೇರಿಯ ಕಾಣುವ ಜಾಗಕ್ಕೆ ಹಚ್ಚುತ್ತಾರೆ, ಯಾರಾದರೂ ತಕರಾರು ತರಬಹುದು. ಹರಸೋರಿಗಿಂತ ಮೊದಲು ತಕರಾರಿನವರನ್ನು ಕರೆಯುವ ಪತ್ರಿಕೆ ಇದು. ಹಿಂದೂ, ಬೌದ್ಧರೊಳಗೆ ಜಾತಿ ಬೇರೆಯಾದರೆ 1955ರ ಹಿಂದೂ ವಿವಾಹ ಕಾಯ್ದೆಯಲ್ಲೇ ಮದುವೆಯಾಗಬಹುದು, ಅದಕ್ಕೆ 30 ದಿನದ ನೋಟೀಸು ಬೇಡ. ಆದರೆ ಆ ಕಾಯ್ದೆಗೆ ಒಂದಾದರೂ ರೂಢಿಯ ವಿಧಿ ನಡೆದಿರಬೇಕು. ನೋಂದಣಿಗೆ ಹೋದರೆ ಫೋಟೋದ ಜೊತೆ ಲಗ್ನಪತ್ರಿಕೆ ಕೇಳುತ್ತಾರೆ. ಹೀಗೆ ಈ ಸಣ್ಣ ಕಾಗದ ಸಾಕ್ಷಿಯೂ ಆಗುತ್ತದೆ. ನಾಳೆ ಗಂಡ ಕೈಬಿಟ್ಟ ಹೆಣ್ಣಿಗೆ ಅದು ಬೇಕಾಗುತ್ತದೆ.

ಈಗಿನ ಪತ್ರಿಕೆಗಳನ್ನು ನೋಡಿದರೆ ನಮಗೆ ಎರಡು ಭಯ. ಒಂದು, ತಲೆ ಬದಲಾಗಿ ಮೈ ಹಳೇದೇ ಉಳಿದದ್ದು. ಮೇಲೆ ಬಾಬಾಸಾಹೇಬರು, ಕೆಳಗೆ ಅದೇ ಅಭಿಜಿನ್ ಮುಹೂರ್ತ, ಅದೇ 'ಚಿ.ಕುಂ.ಸೌ.'. ಇನ್ನೊಂದು, ನಮ್ಮ ಪತ್ರಿಕೆಯಲ್ಲಿ ನಾವೇ ಸಣ್ಣವರಾದದ್ದು. ಸಾಮೂಹಿಕ ಮದುವೆಯ ಪತ್ರಿಕೆ ತೆಗೆಯಿರಿ. ಸ್ವಾಮಿಗಳ ಫೋಟೋ, ಎಮ್ಮೆಲ್ಲೆಯವರ ಫೋಟೋ, ಅಧ್ಯಕ್ಷರು, ಉದ್ಘಾಟಕರು, ಘನ ಉಪಸ್ಥಿತಿ. ಮದುವೆಯಾಗುವವರು ಎಲ್ಲಿ? 'ಇಷ್ಟು ಜೋಡಿ' ಅಂತ ಒಂದು ಅಂಕಿ. ಮನೆ ಮದುವೆಯ ವಾಟ್ಸಾಪ್ ಪತ್ರಿಕೆಯಲ್ಲೂ ಮುಖಂಡರ ಮುಖ ದೊಡ್ಡದು, ಅವ್ವನ ಹೆಸರು ಸಣ್ಣದು.

ಹಾಗಾದರೆ ಏನು ಬರೆಯೋದು? ನಾವು ಮಾದರಿ ಮುರಿಯಿರಿ ಅನ್ನೋರು, ಇನ್ನೊಂದು ಮಾದರಿ ಕಟ್ಟಿಕೊಡೋದು ಸರಿಯಲ್ಲ. ಆದರೂ ಮಾತಿಗೆ ಇಷ್ಟು. ನಾವಿಬ್ಬರೂ ಒಪ್ಪಿ ಮದುವೆಯಾಗುತ್ತಿದ್ದೇವೆ ಅನ್ನೋದು ಮೊದಲ ಸಾಲಿಗಿರಲಿ, ಯಾಕಂದ್ರೆ ಹಳೇ ಪತ್ರಿಕೆಯಲ್ಲಿ ಹುಡುಗಿಯ ಒಪ್ಪಿಗೆಗೆ ಜಾಗವೇ ಇರಲಿಲ್ಲ. ಹುಡುಗಿಯ ಹೆಸರು, ಓದು, ದುಡಿಮೆ ಹುಡುಗನಷ್ಟೇ ದಪ್ಪ ಅಕ್ಷರದಲ್ಲಿರಲಿ. ಇಬ್ಬರ ವಯಸ್ಸೂ ಇರಲಿ. ಹೆಣ್ಣಿಗೆ 18, ಗಂಡಿಗೆ 21 ಅಂತ ಕಾನೂನು ಆದದ್ದು 1978ರಲ್ಲಿ, ನಮ್ಮ ಸೀಮೆಯಲ್ಲಿ ಅದನ್ನು ಇನ್ನೂ ಕೂಗಿ ಹೇಳಬೇಕಾಗಿದೆ. ಅವ್ವನ ಹೆಸರು ಮೊದಲು. ಅಪ್ಪನ ಹೆಸರು ಇದ್ದರೆ ಆಮೇಲೆ, ಇಲ್ಲದಿದ್ದರೆ ಅವ್ವನೊಬ್ಬಳೇ ಸಾಕು, 'ಶ್ರೀಮತಿ' ಅಂತ ಪೂರಾ ಬರೆಯಿರಿ. ಸತ್ತವರ ಹೆಸರಿಗೆ ಬದುಕಿದ್ದವರ ಜಾಗ ಕೊಡಬೇಡಿರಿ. ತಾರೀಖು, ವಾರ, ಹೊತ್ತು, ಇಷ್ಟಕ್ಕೇ ಜನ ಬರುತ್ತಾರೆ. ಕೊಟ್ಟದ್ದಿಲ್ಲ, ತಗೊಂಡದ್ದಿಲ್ಲ ಅಂತ ಒಂದು ಸಾಲು ಹಾಕಿರಿ, ಹಾಕಿದ ಮೇಲೆ ಉಳಿಸಿಕೊಳ್ಳಿರಿ. ಊಟ ಎಲ್ಲರಿಗೂ ಒಂದೇ ಪಂಕ್ತಿ ಅಂತ ಇನ್ನೊಂದು. ಕೊನೆಗೆ 'ಸುಖಾಗಮನಾಭಿಲಾಷಿಗಳು' ಅನ್ನುವ ಜಾಗದಲ್ಲಿ ನಮ್ಮ ಹಿರಿಯರು ಎಲೆ ಅಡಿಕೆ ಹಿಡಿದು ಹೇಳುತ್ತಿದ್ದ ಮಾತೇ ಇರಲಿ: "ಎಲ್ಲಾರೂ ಬರ್ರಿ."

ಅಚ್ಚಿಗೆ ಕೊಡುವ ಮುಂಚೆ ಒಂದು ಕೆಲಸ ಮಾಡಿರಿ. ಬರೆದದ್ದನ್ನು ಕೇರಿಯ ಶಾಲೆಗೆ ಹೋಗುವ ಯಾವುದಾದರೂ ಹುಡುಗಿಯ ಕೈಗೆ ಕೊಟ್ಟು, ಕಟ್ಟೆಯ ಮೇಲೆ ಕುಂದರಿಸಿ ಗಟ್ಟಿಯಾಗಿ ಓದಿಸಿರಿ. ಓದೋಕೆ ಬಾರದ ಅವ್ವಂದಿರು ಸುತ್ತ ಕೂತು ಕೇಳಲಿ. ತಿಳಿಯದ ಶಬ್ದ ಬಂದಲ್ಲಿ ಅವರು "ಅದೇನವಾ ಅದು?" ಅಂತ ಕೇಳುತ್ತಾರೆ. ಆ ಶಬ್ದ ಹೊಡೆದು ಹಾಕಿರಿ. ಉಳಿದದ್ದನ್ನು ಅಚ್ಚಿಗೆ ಕೊಡಿರಿ.